ಎತ್ತಿನ ಮನೆಯಲ್ಲಿ ಕೂತು ಊರು ಕಂಡವರು

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ, ಟೀವಿ ಚರ್ಚೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ: ಒಂದು ‘ಪ್ರಬಲ ಜಾತಿ’, ಇನ್ನೊಂದು ‘ವೋಟ್ ಬ್ಯಾಂಕ್’. ಹೋಟೆಲಿನಲ್ಲಿ ಕಾಫಿ ಹೀರುತ್ತಾ ರಾಜಕೀಯ ಮಾತಾಡುವವರ ಬಾಯಲ್ಲೂ ಇವು ಸಲೀಸಾಗಿ ಓಡಾಡುತ್ತವೆ. ಇವೆರಡರ ಹಿಂದಿರುವ ವಿಚಾರ ಮೊಳೆತದ್ದು ಮೈಸೂರಿನಿಂದ ಇಪ್ಪತ್ತು ಮೈಲಿ ಚಿಲ್ಲರೆ ದೂರದ ಒಂದು ಭತ್ತದ ಊರಿನಲ್ಲಿ, 1948ರಲ್ಲಿ. ಕಂಡವರು ಮೈಸೂರಿನಲ್ಲೇ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಆ ಊರಿಗೆ ತಮ್ಮ ಬರಹದಲ್ಲಿ ಅವರು ಇಟ್ಟ ಹೆಸರು ‘ರಾಂಪುರ’. ಊರಿನವರ ಮನೆಮಾತು ಬೀದಿಗೆ ಬೀಳಬಾರದೆಂದು ಕೊಟ್ಟ ಹೆಸರು ಅದು. ಇಲ್ಲಿಯೂ ಅದೇ ಇರಲಿ.

ಕಂಡದ್ದೇನೂ ನೆಲದೊಳಗೆ ಹೂತಿಟ್ಟ ನಿಧಿಯಲ್ಲ. ಊರಿನ ಪ್ರತಿಯೊಬ್ಬ ಒಕ್ಕಲಿಗೂ, ಜೀತದಾಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಪುಸ್ತಕಗಳಿಗೆ ಮಾತ್ರ.

ಪುಸ್ತಕದೊಳಗಿನ ಹಳ್ಳಿ

ಮೈಸೂರು ಸೀಮೆಯ ಬೇಸಾಯವನ್ನು ಹೊರಗಿನವರು ಕೂಲಂಕಷವಾಗಿ ಬರೆದಿಟ್ಟ ಕತೆ 1800ರಿಂದ ಶುರುವಾಗುತ್ತದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ನಾಡು ಸುತ್ತಿ ವರದಿ ಮಾಡಲು ಕಳಿಸಿದ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೈನು ಬೆಳೆ ಯಾವುದು, ಕಾರು ಬೆಳೆ ಯಾವುದು, ಎಷ್ಟು ಬಿತ್ತಿದರೆ ಎಷ್ಟು ಬರುತ್ತದೆ, ನೇಗಿಲಿನ ಆಕಾರ ಹೇಗಿದೆ, ಎಲ್ಲವೂ ಅದರಲ್ಲಿದೆ. ಕಣದಲ್ಲಿ ರಾಶಿಯಾದ ಮೇಲೆ ಅದರಲ್ಲಿ ಊರಿನ ಕಸುಬಿನವರಿಗೂ ಚಾಕರಿಯವರಿಗೂ ಹೋಗುವ ಪಾಲನ್ನೂ ಅವನು ಗುರುತು ಹಾಕಿಕೊಂಡ. ಆದರೆ ಅವನಿಗೆ ಬೇಕಾಗಿದ್ದದ್ದು ಕಂಪನಿ ಸರ್ಕಾರಕ್ಕೆ ಒದಗುವ ಲೆಕ್ಕ. ಆ ಪಾಲು ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಡುವೆ ಏನಿದೆ ಎಂದು ಕೂತು ನೋಡುವ ಪುರಸೊತ್ತು ಅವನಿಗಿರಲಿಲ್ಲ.

1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಎಂಬ ಅಧಿಕಾರಿ ಭಾರತದ ಹಳ್ಳಿಗಳನ್ನು ಪುಟ್ಟ ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ. ಬೇಕಾದದ್ದೆಲ್ಲ ಒಳಗೇ ಇದೆ, ಹೊರಗಿನವರ ಹಂಗಿಲ್ಲ ಎಂಬುದು ಅವನ ವಾದ. ಈ ಚಿತ್ರ ಎಷ್ಟು ಮುದ್ದಾಗಿತ್ತೆಂದರೆ ಮುಂದೆ ಕಾರ್ಲ್ ಮಾರ್ಕ್ಸ್‌ನಿಂದ ಹಿಡಿದು ನಮ್ಮ ರಾಷ್ಟ್ರೀಯವಾದಿಗಳವರೆಗೆ ಹಲವರು ಇದನ್ನೇ ತಮ್ಮ ತಮ್ಮ ವಾದಕ್ಕೆ ಬಳಸಿಕೊಂಡರು. ಇತ್ತ ಮೈಸೂರಿನಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಸಂಪುಟಗಳು ಬಂದವು. ಅವುಗಳಲ್ಲಿ ಒಂದೊಂದು ಜಾತಿಗೂ ಒಂದೊಂದು ಅಧ್ಯಾಯ: ಮದುವೆ ಹೇಗೆ, ಸೂತಕ ಎಷ್ಟು ದಿನ, ಕುಲದೇವರು ಯಾವುದು. ಓದಿದರೆ ಕುರುಬರು ಒಂದು ಪುಟದಲ್ಲಿ, ಅಗಸರು ಇನ್ನೊಂದು ಪುಟದಲ್ಲಿ ಸಿಗುತ್ತಾರೆ. ಇವರೆಲ್ಲ ಒಂದೇ ಕೆರೆಯ ನೀರು ಹಾಯಿಸಿಕೊಂಡು, ಒಂದೇ ಸುಗ್ಗಿಗೆ ಕಾಯುವವರು ಎಂಬುದು ಮಾತ್ರ ಯಾವ ಪುಟದಲ್ಲೂ ಕಾಣದು.

ಹಿತ್ತಿಲ ಗೋಡೆಯಾಚೆ

ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು. ಮನೆ ಮೈಸೂರಿನ ಕಾಲೇಜು ರಸ್ತೆಯಲ್ಲಿ. ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ನಗರ ಸೇರಿದ ಬ್ರಾಹ್ಮಣ ಕುಟುಂಬಗಳು ಹೆಚ್ಚಾಗಿದ್ದ ಬೀದಿ ಅದು. ಅವರ ಮನೆಯ ಹಿತ್ತಿಲ ಗೋಡೆ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಬಂಡಿಕೇರಿ, ಕುರುಬರ ಕೇರಿ. ಬೀದಿಯಲ್ಲೇ ನಡೆಯುವ ಕೆಲಸ, ಬೀದಿಯಲ್ಲೇ ನಡೆಯುವ ಜಗಳ, ಅಡುಗೆಯ ಘಮಲು, ದನ ಕುರಿ ಎಲ್ಲವೂ ತಮ್ಮ ಬೀದಿಗಿಂತ ಬೇರೆ. ಬೇರೊಂದು ಸಂಸ್ಕೃತಿ ಎದುರಾದಾಗಿನ ಮೊದಲ ಬೆರಗು ತಮಗೆ ಸಿಕ್ಕಿದ್ದು ಅಲ್ಲಿ, ಮನೆಯ ಹಿಂದೆಯೇ ಎಂದು ದೊಡ್ಡವರಾದ ಮೇಲೆ ಅವರು ಬರೆದರು. ದೂರದ ದ್ವೀಪಗಳಿಗೆ ಹೋಗಿ ಅಧ್ಯಯನ ಮಾಡುವುದೇ ಮಾನವಶಾಸ್ತ್ರ ಎಂದುಕೊಂಡಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮಹಾರಾಜ ಕಾಲೇಜಿನಲ್ಲಿ ಓದು, ಅಲ್ಲಿಂದ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯತ್ವ. ಅವರ ಮೊದಲ ಪುಸ್ತಕ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ 1942ರಲ್ಲಿ ಬಂತು. ಅದು ಇನ್ನೂ ಹಳೆಯ ಜಾಡಿನದೇ. ಬಳಿಕ ಆಕ್ಸ್‌ಫರ್ಡ್. ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್, ನಂತರ ಇವಾನ್ಸ್-ಪ್ರಿಚರ್ಡ್ ಅವರ ಕೆಳಗೆ ಕೊಡವರ ಬಗ್ಗೆ ಪ್ರಬಂಧ ಬರೆದರು. ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ಸಿಕ್ಕಾಗ ಮೊದಲ ವರ್ಷವನ್ನು ಊರಿನಲ್ಲಿ ಕಳೆಯಲು ಇವಾನ್ಸ್-ಪ್ರಿಚರ್ಡ್ ಒಪ್ಪಿಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರೇಳು ತಿಂಗಳಾಗಿತ್ತು. ಶ್ರೀನಿವಾಸ್ ಆರಿಸಿಕೊಂಡದ್ದು ಹಲವು ಜಾತಿಗಳು ಕೂಡಿ ಬಾಳುವ, ನಾಲೆಯ ನೀರು ಬರುವ, ಬಸ್ಸು ಓಡಾಡುವ ಒಂದು ಸಾಧಾರಣ ಊರು.

ಕ್ಯಾಮೆರಾ ತಂದ ಅಯ್ಯನೋರು

ರಾಂಪುರದಲ್ಲಿ ಆಗ ಸುಮಾರು 1,500 ಜನ. ಊರ ಪಟೇಲರು ಅವರಿಗೆ ಇಳಿಯಲು ಕೊಟ್ಟದ್ದು ತಮ್ಮ ಎತ್ತುಗಳನ್ನು ಕಟ್ಟುತ್ತಿದ್ದ ಮನೆ. ಎತ್ತುಗಳು ಒಂದು ಕಡೆ, ಆಕ್ಸ್‌ಫರ್ಡಿನ ಅಧ್ಯಾಪಕ ಇನ್ನೊಂದು ಕಡೆ. ಆ ಜಾಗ ಸಂಶೋಧಕನಿಗೆ ಎಷ್ಟು ಅನುಕೂಲವಾಯಿತೆಂದರೆ ಹಣ ಕೊಟ್ಟರೂ ಅಂಥದು ಸಿಗುತ್ತಿರಲಿಲ್ಲ. ಬೆಳಗಾಗುತ್ತಲೇ ಆಳುಗಳು ದನ ಬಿಚ್ಚಲು ಬರುತ್ತಾರೆ. ಯಾರ ಗದ್ದೆಗೆ ಇವತ್ತು ನೀರು, ಯಾರ ಮನೆಯಲ್ಲಿ ನಾಟಿ, ಯಾರ ಎತ್ತು ಮೇವು ಬಿಟ್ಟಿದೆ ಎಂಬ ಸುದ್ದಿಯೆಲ್ಲ ಜಗುಲಿಯ ಮೇಲೇ ತೀರ್ಮಾನವಾಗುತ್ತದೆ. ಪಟೇಲರನ್ನು ಕಾಣಲು ಬಂದವರು ಇವರನ್ನೂ ಮಾತಾಡಿಸಿ ಹೋಗುತ್ತಾರೆ.

ಊರಿನವರೂ ಇವರನ್ನು ಅಧ್ಯಯನ ಮಾಡುತ್ತಿದ್ದರು. ಕೊರಳಿಗೆ ನೇತುಹಾಕಿಕೊಂಡ ಕ್ಯಾಮೆರಾ ಅವರ ಬಾಯಲ್ಲಿ ‘ಚಾಮರ’ವಾಯಿತು, ಇವರು ಚಾಮರದವರಾದರು. ಸ್ನಾನವಾದ ಮೇಲೆ ಗಡ್ಡ ಹೆರೆದುಕೊಳ್ಳುವುದನ್ನು ಕಂಡ ಊರಿನವರು, ಮೊದಲು ಕ್ಷೌರ ಆಮೇಲೆ ಸ್ನಾನ ಎಂದು ತಿದ್ದಿದರು. ಇಂಗ್ಲೆಂಡಿನಲ್ಲಿ ಮೈಲಿಗೆ ಮಡಿ ಮರೆತಿದ್ದ ಬ್ರಾಹ್ಮಣನಿಗೆ ಒಕ್ಕಲಿಗರ ಊರು ಆಚಾರ ಕಲಿಸಿತು! ಆಗ ಕಂಟ್ರೋಲ್ ಕಾಲ, ಧಾನ್ಯದ ಮೇಲೆ ಸರ್ಕಾರದ ಕಣ್ಣಿತ್ತು. ಮನೆಮನೆಗೆ ಹೋಗಿ ತಲೆ ಎಣಿಸಿ, ದನ ಎಣಿಸಿ, ಜಮೀನು ಎಷ್ಟೆಂದು ಕೇಳುವವನ ಮೇಲೆ ಅನುಮಾನ ಬರದೆ ಇರುತ್ತದೆಯೇ? ಪಟ್ಟಿ ಹಿಡಿದು ಕೇಳಿದ ಪ್ರಶ್ನೆಗಿಂತ ಸುಮ್ಮನೆ ಕೂತಾಗ ಕಿವಿಗೆ ಬಿದ್ದ ಮಾತೇ ಹೆಚ್ಚು ತಿಳಿಸುತ್ತಿತ್ತು.

ಆ ದಿನಗಳ ಒಂದು ಪ್ರಸಂಗವನ್ನು ಅವರು ಬರೆದಿದ್ದಾರೆ. ಮಳೆ ತಡವಾಯಿತು. ಊರಿನ ಹಿರಿಯರು ಬಸವನ ಗುಡಿಗೆ ಹೋಗಿ ಹೂ ಕೇಳಿದರು. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಒಳ್ಳೆಯದು, ಎಡಕ್ಕೆ ಬಿದ್ದರೆ ಇಲ್ಲ. ಹೂ ಬೀಳದೆ ಸತಾಯಿಸಿದಾಗ ಹಿರಿಯರು ಮೊದಲು ಬೇಡಿಕೊಂಡರು, ಆಮೇಲೆ ರೇಗಿದರು, ದೇವರ ಮರ್ಯಾದೆಯ ಪ್ರಶ್ನೆಯನ್ನೇ ಎತ್ತಿದರು. ಭಕ್ತಿ ಎಂದರೆ ಕೈಮುಗಿದು ನಿಲ್ಲುವುದಷ್ಟೇ ಎಂದುಕೊಂಡ ಓದುಗರಿಗೆ ಈ ದೇವರು ಊರಿನ ಒಬ್ಬ ಹಿರಿಯನಂತೆ ಕಾಣುತ್ತಾನೆ. ಕೊಡಬೇಕಾದ್ದನ್ನು ಕೊಡದಿದ್ದರೆ ಅವನನ್ನೂ ಕೇಳುವವರಿದ್ದಾರೆ.

ಗದ್ದೆ ಹೇಳಿದ ಗುಟ್ಟು

ಊರಿನ ವರ್ಷ ಶುರುವಾಗುವುದು ಮಳೆಯಿಂದ. ತಿಪ್ಪೆಯ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ ಹೋಗಬೇಕು, ಒಟ್ಲು ಹಾಕಬೇಕು, ನಾಲೆಯ ನೀರು ಬಂದ ಕೂಡಲೇ ಗದ್ದೆ ಕೆಸರು ಮಾಡಬೇಕು. ನಾಟಿ ಹೆಂಗಸರ ಕೆಲಸ. ಎಲ್ಲರ ಗದ್ದೆಗೂ ಒಂದೇ ಹದದಲ್ಲಿ ಆಳು ಬೇಕಾದಾಗ ಯಾವ ಮನೆಯವರೂ ತಮ್ಮ ಕೈಯನ್ನೇ ನಂಬಿ ಕೂರಲಾಗದು. ಕೆಲವರು ಮುಯ್ಯಾಳು ಮಾಡಿಕೊಳ್ಳುತ್ತಾರೆ: ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮದಕ್ಕೆ ನಾವು. ಹೆಚ್ಚು ಜಮೀನಿದ್ದವರಿಗೆ ವರ್ಷಕ್ಕಿಷ್ಟೆಂದು ನಿಂತ ಜೀತದಾಳುಗಳಿರುತ್ತಾರೆ, ವಾರಕ್ಕೆ ಗದ್ದೆ ಮಾಡುವವರಿರುತ್ತಾರೆ. ಅಸ್ಪೃಶ್ಯರೆನಿಸಿಕೊಂಡವರ ಒಂದೊಂದು ಮನೆಗೂ ಒಕ್ಕಲಿಗರ ಒಂದೊಂದು ಮನೆಗೂ ತಲೆಮಾರಿನಿಂದ ಬಂದ ‘ಹಳೆ ಮಗ’ನ ನಂಟು. ಕಮ್ಮಾರ ಕುಳ ಬಡಿದು ಕೊಡುತ್ತಾನೆ, ಅಗಸ ಬಟ್ಟೆ ಒಗೆಯುತ್ತಾನೆ, ಕ್ಷೌರಿಕ ತಲೆ ಬೋಳಿಸುತ್ತಾನೆ. ಇವರಿಗೆ ಕೂಲಿ ದಿನದಿನಕ್ಕಲ್ಲ, ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ. ನೂರೈವತ್ತು ವರ್ಷದ ಹಿಂದೆ ಬುಕಾನನ್ ಲೆಕ್ಕಕ್ಕೆ ಹಿಡಿದಿದ್ದ ಪಾಲುಗಳೇ ಇವು. ಈಗ ಅವುಗಳ ಹಿಂದಿನ ಮನುಷ್ಯರು ಕಾಣತೊಡಗಿದರು.

ಇದನ್ನೆಲ್ಲ ತಿಂಗಳುಗಟ್ಟಲೆ ನೋಡಿದ ಮೇಲೆ ಶ್ರೀನಿವಾಸ್ ಅವರಿಗೆ ಹೊಳೆದದ್ದು ಇಷ್ಟು. ಜಾತಿಯೊಳಗಿನ ಕಟ್ಟು ಅಡ್ಡಕ್ಕೆ ಹರಡಿದ್ದು: ಮದುವೆ, ಊಟ, ಸೂತಕ. ಆದರೆ ಬೇಸಾಯ ಕಟ್ಟುವ ಕಟ್ಟು ಮೇಲಿನಿಂದ ಕೆಳಕ್ಕೆ. ಒಡೆಯ ಮತ್ತು ಗೇಣಿದಾರ, ಯಜಮಾನ ಮತ್ತು ಜೀತದಾಳು, ಸಾಲ ಕೊಟ್ಟವನು ಮತ್ತು ಸಾಲಗಾರ ಬೇರೆ ಬೇರೆ ಜಾತಿಯವರಾದರೂ ಒಂದೇ ಹಗ್ಗದಲ್ಲಿ ಬಿಗಿದವರು. ಜಗಳ ಬಂದಾಗ ಜನ ಯಾರ ಹಿಂದೆ ನಿಲ್ಲುತ್ತಾರೆ ಎಂಬುದು ಜಾತಿಯಿಂದಷ್ಟೇ ಅಲ್ಲ, ಯಾರ ಜಮೀನಿನಲ್ಲಿ ಉಳುತ್ತಾರೆ ಎಂಬುದರಿಂದಲೂ ತೀರ್ಮಾನವಾಗುತ್ತಿತ್ತು.

ಜಗಳಗಳೇ ಅವರಿಗೆ ದೊಡ್ಡ ಪಾಠವಾದವು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಅಗಸರ ಕುಲದೊಳಗಿನ ಕಟ್ಟಳೆಯ ವ್ಯಾಜ್ಯ, ಕುಂಬಾರನಿಗೂ ಪೂಜಾರಿಗೂ ಹತ್ತಿದ ವ್ಯಾಜ್ಯ, ಇವುಗಳ ಮೇಲೆ ಅವರು ಮುಂದೆ ಒಂದೊಂದು ಲೇಖನವನ್ನೇ ಬರೆದರು. ಯಾವ ಜಾತಿಯ ಜಗಳವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಕ್ಕಲಿಗ ಹಿರಿಯರ ಜಗುಲಿಯ ಮುಂದೆ. ಶಾಸ್ತ್ರದ ಏಣಿಯಲ್ಲಿ ಬ್ರಾಹ್ಮಣ ಮೇಲಿರಬಹುದು. ರಾಂಪುರದಲ್ಲಿ ಬ್ರಾಹ್ಮಣರಿದ್ದದ್ದು ಬೆರಳೆಣಿಕೆಯಷ್ಟು. ಊರಿನ ಅರ್ಧದಷ್ಟು ಜನ ಒಕ್ಕಲಿಗರು, ಹೆಚ್ಚಿನ ಜಮೀನು ಅವರದು, ಪಟೇಲಿಕೆ ಅವರದು. ಪೂಜೆಯಲ್ಲಿ ಯಾರು ಮೇಲು ಎಂಬ ಲೆಕ್ಕ ಬೇರೆ, ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಲೆಕ್ಕ ಬೇರೆ. ಈ ಎರಡನ್ನು ಬಿಡಿಸಿ ನೋಡಿದ್ದೇ ಅವರ ಆವಿಷ್ಕಾರ.

1955ರಲ್ಲಿ ಅಮೆರಿಕದಲ್ಲಿ ಮೆಕಿಮ್ ಮ್ಯಾರಿಯಟ್ ಸಂಪಾದಿಸಿದ ‘ವಿಲೇಜ್ ಇಂಡಿಯಾ’ ಎಂಬ ಸಂಕಲನದಲ್ಲಿ ರಾಂಪುರದ ಬಗ್ಗೆ ಅವರ ಪ್ರಬಂಧ ಬಂತು. ಎಣಿಕೆಯಲ್ಲಿ ಹೆಚ್ಚಿರುವ, ಜಮೀನು ಮತ್ತು ಅಧಿಕಾರ ಎರಡೂ ಕೈಯಲ್ಲಿರುವ, ಶ್ರೇಣಿಯಲ್ಲಿ ತೀರಾ ಕೆಳಗಿರದ ಜಾತಿಯೇ ‘ಪ್ರಬಲ ಜಾತಿ’ ಎಂಬ ವಿವರಣೆ ಅದರಲ್ಲಿತ್ತು. 1959ರ ಇನ್ನೊಂದು ಲೇಖನದಲ್ಲಿ ಆಧುನಿಕ ವಿದ್ಯೆ ಮತ್ತು ಸರ್ಕಾರಿ ಕೆಲಸಗಳನ್ನೂ ಈ ಪಟ್ಟಿಗೆ ಸೇರಿಸಿದರು. ಒಡೆಯನ ಹಿಂದೆ ಗೇಣಿದಾರ, ಆಳು, ಸಾಲಗಾರರ ಮತ ಒಟ್ಟಿಗೆ ಬೀಳುವುದನ್ನು ‘ವೋಟ್ ಬ್ಯಾಂಕ್’ ಎಂದು ಕರೆದದ್ದೂ ಆ ಮೊದಲ ಪ್ರಬಂಧದಲ್ಲೇ. ವಯಸ್ಕ ಮತದಾನದ ಮೊದಲ ಮಹಾ ಚುನಾವಣೆ ಮುಗಿದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು.

ಬುಲ್ಡೋಜರ್ ಬೇಕು, ಶಾಲೆ ಬೇಡ

1952ರ ಬೇಸಿಗೆಯಲ್ಲಿ ಶ್ರೀನಿವಾಸ್ ಮತ್ತೆ ರಾಂಪುರಕ್ಕೆ ಬಂದರು. ಯುದ್ಧಕಾಲದಲ್ಲಿ ಭತ್ತಕ್ಕೆ ಬಂದ ಬೆಲೆ ದೊಡ್ಡ ಒಕ್ಕಲುಗಳ ಕೈಗೆ ದುಡ್ಡು ತಂದಿತ್ತು. ಆ ದುಡ್ಡು ಅಕ್ಕಿ ಗಿರಣಿ, ಬಸ್ಸು, ಪಟ್ಟಣದ ಮನೆಗಳ ಕಡೆ ಹರಿಯತೊಡಗಿತ್ತು. ಸರ್ಕಾರದಿಂದ ಊರಿಗೇನು ಬೇಕು ಎಂಬ ಮಾತು ಬಂದಾಗ ಮುಖಂಡರು ಕೇಳಿದ್ದು ಜಮೀನು ಮಟ್ಟ ಮಾಡುವ ಬುಲ್ಡೋಜರ್ ಮತ್ತು ವಿದ್ಯುತ್. ಶಾಲೆಯ ಬಗ್ಗೆ ಅವರಿಗೆ ಅಂಥ ಉತ್ಸಾಹವಿರಲಿಲ್ಲ. ಬಡವರ ಮಕ್ಕಳು ಓದಿದರೆ ಗದ್ದೆಗೆ ಆಳು ಸಿಗುವುದಿಲ್ಲ, ಸಿಕ್ಕವರೂ ಮಾತು ಕೇಳುವುದಿಲ್ಲ ಎಂಬ ಆತಂಕ. ಹಳ್ಳಿಯವರು ಹೊಸದಕ್ಕೆ ಒಗ್ಗುವುದಿಲ್ಲ ಎನ್ನುವ ಪೇಟೆಯವರ ನಂಬಿಕೆಗೂ, ಹಳ್ಳಿಯೆಂದರೆ ಸಮರಸ ಎನ್ನುವ ಕವಿಗಳ ನಂಬಿಕೆಗೂ ಈ ಒಂದು ಸಂಗತಿಯೇ ಉತ್ತರ. ಯಾವ ಹೊಸದು ಯಾರಿಗೆ ಲಾಭ ಎಂಬುದನ್ನು ಊರು ಚೆನ್ನಾಗಿಯೇ ಲೆಕ್ಕ ಹಾಕುತ್ತಿತ್ತು.

‘ಸ್ವಯಂಪೂರ್ಣ ಗ್ರಾಮ’ದ ಕತೆಯೂ ಇಲ್ಲಿ ನಿಲ್ಲಲಿಲ್ಲ. ಎತ್ತು ಬೇಕಾದರೆ ಜಾತ್ರೆಗೆ ಹೋಗಬೇಕು, ಸಾಮಾನಿಗೆ ಸಂತೆಗೆ ಹೋಗಬೇಕು, ಹೆಣ್ಣು ತರಲು ಪರವೂರಿಗೆ ಹೋಗಬೇಕು, ಊರಿನಲ್ಲಿ ಬಗೆಹರಿಯದ ಕುಲದ ಜಗಳಕ್ಕೆ ಇನ್ನೊಂದು ಊರಿನ ಹಿರಿಯರು ಬರಬೇಕು. ತಾನೇ ತಾನಾಗಿ ಬದುಕಿದ ಊರು ಎಂದೂ ಇರಲಿಲ್ಲ ಎಂದು 1960ರಲ್ಲಿ ಅವರು ಖಡಾಖಂಡಿತವಾಗಿ ಬರೆದರು.

ಇದೇ ಕಾಲಕ್ಕೆ ಪಕ್ಕದ ಮಂಡ್ಯ ಸೀಮೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಬಂದರು. 1954ರಿಂದ 1956ರವರೆಗೆ ಎರಡು ಊರುಗಳನ್ನು ನೋಡಿದರು. ಒಂದಕ್ಕೆ ಕೆಆರ್‌ಎಸ್ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಹಳೆಯ ಆಳು ಒಡೆಯರ ಕಟ್ಟಳೆಯನ್ನು ಹಾಗೇ ಉಳಿಸಿಕೊಂಡಿತು. ನೀರು ಸಿಗದ ಊರಿನವರು ಮಂಡ್ಯ ಪೇಟೆಗೆ ಕೆಲಸಕ್ಕೆ, ವ್ಯಾಪಾರಕ್ಕೆ, ಗಾಡಿ ಬಾಡಿಗೆಗೆ ಹೊರಟರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲೇ. ಕಾಲುವೆಯ ನೀರು ಬಂದರೆ ಎಲ್ಲವೂ ಬದಲಾಗುತ್ತದೆ ಎಂದುಕೊಂಡಿದ್ದವರು ಕಣ್ಣುಜ್ಜಿಕೊಳ್ಳಬೇಕಾಯಿತು.

ಬೆಂಕಿ

ರಾಂಪುರದ ಟಿಪ್ಪಣಿಗಳನ್ನು ಶ್ರೀನಿವಾಸ್ ಹದಿನೆಂಟು ವರ್ಷ ಬಿಡುವು ಸಿಕ್ಕಾಗಲೆಲ್ಲ ವಿಂಗಡಿಸಿ, ಒಪ್ಪಮಾಡಿ, ಮೂರು ಪ್ರತಿ ಮಾಡಿಸಿದ್ದರು. ಬರೋಡ, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ವಿಭಾಗ ಕಟ್ಟುವ ಕೆಲಸದ ನಡುವೆ ದೊಡ್ಡ ಪುಸ್ತಕ ಬರೆಯಲು ಆಗಿರಲಿಲ್ಲ. ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದು ಅಧ್ಯಯನ ಕೇಂದ್ರ ಬರೆಯಲೆಂದೇ ಅವಕಾಶ ಕೊಟ್ಟಿತು. 1970ರ ಏಪ್ರಿಲ್ 24ರಂದು ಯಾರೋ ಆ ಕೇಂದ್ರಕ್ಕೆ ಬೆಂಕಿ ಇಟ್ಟರು. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್ಸುಗಳು ಕುದಿಯುತ್ತಿದ್ದ ದಿನಗಳು ಅವು. ಮೂರೂ ಪ್ರತಿಗಳು ಅವರ ಕೋಣೆಯಲ್ಲೇ ಇದ್ದವು.

ಕಂಗೆಟ್ಟು ಕೂತಿದ್ದ ಅವರನ್ನು ನೋಡಲು ಸಾಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞ ಬಂದರು. ಯಾವ ಸಂಶೋಧಕನೂ ತಾನು ಕೂಡಿಹಾಕಿದ್ದೆಲ್ಲವನ್ನೂ ಅಚ್ಚು ಮಾಡಿದವನಲ್ಲ, ನೆನಪಿನಲ್ಲಿ ಉಳಿದಿರುವುದರಿಂದಲೇ ಬರೆಯಿರಿ ಎಂದು ಧೈರ್ಯ ತುಂಬಿದರು. ಹಾಗೆ ಬಂದದ್ದು 1976ರ ‘ದಿ ರಿಮೆಂಬರ್ಡ್ ವಿಲೇಜ್’. ಅಂಕಿ ಅಂಶಗಳ ಕೋಷ್ಟಕವಾಗಬಹುದಾಗಿದ್ದ ಪುಸ್ತಕ, ಪಟೇಲರು, ನಾಡುಗೌಡ, ಕುಳ್ಳೇಗೌಡರಂಥ ಮನುಷ್ಯರಿಂದ ತುಂಬಿಕೊಂಡಿತು. ಅದರ ಒಂದು ಇಡೀ ಅಧ್ಯಾಯ ಬೇಸಾಯದ ಲೋಕಕ್ಕೆ ಮೀಸಲು. ಬೆಂಕಿ ಬೀಳದಿದ್ದರೆ ಇನ್ನೂ ಕರಾರುವಾಕ್ಕಾದ ಪುಸ್ತಕ ಬರುತ್ತಿತ್ತು, ಇಷ್ಟು ಜೀವವಿರುವ ಪುಸ್ತಕ ಬರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಕಾಣದೇ ಉಳಿದದ್ದು

ಎತ್ತಿನ ಮನೆಯ ಜಗುಲಿಯಿಂದ ಊರು ಚೆನ್ನಾಗಿ ಕಂಡಿತು, ಪೂರ್ತಿ ಕಾಣಲಿಲ್ಲ. ಪಟೇಲರ ಆಶ್ರಯದಲ್ಲಿದ್ದವನಿಗೆ ಪಟೇಲರ ಜೀತದಾಳು ಮನಸ್ಸು ಬಿಚ್ಚಿ ಮಾತಾಡುವುದುಂಟೇ? ಗಂಡಸು ಸಂಶೋಧಕನಿಗೆ ಅಡುಗೆಮನೆಯ ಮಾತು ಸಿಗುವುದು ಕಷ್ಟ. ತಮ್ಮದು ಮೇಲ್ಜಾತಿಯ ಕಣ್ಣಿನಿಂದ ಕಂಡ ಊರು ಎಂಬುದನ್ನು ಶ್ರೀನಿವಾಸ್ ಅವರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಆ ಇನ್ನೊಂದು ಬದಿಯನ್ನು ಓದಬೇಕಾದರೆ ಇದೇ ಮೈಸೂರು ಸೀಮೆಯ ದೇವನೂರ ಮಹಾದೇವರ ‘ಒಡಲಾಳ’, ‘ಕುಸುಮಬಾಲೆ’ಗೆ ಹೋಗಬೇಕು. ಅಲ್ಲಿ ಸುಗ್ಗಿ ಕಾಣುವುದು ರಾಶಿಯ ಒಡೆಯನ ಕಡೆಯಿಂದಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿದವರಿಗೇ ಈ ನೆಲದ ಬದುಕು ಇಡಿಯಾಗಿ ಸಿಗುವುದು.

ಶ್ರೀನಿವಾಸ್ 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕಂಡ ಮುಯ್ಯಾಳು, ಕಣದ ಪಾಲು, ಹಳೆ ಮಗನ ನಂಟು ಬಹುಮಟ್ಟಿಗೆ ಹೋಗಿವೆ. ಕೆಲವು ಹೋದದ್ದೇ ಒಳ್ಳೆಯದು. ಆದರೆ ಅವು ಹೇಗಿದ್ದವು ಎಂಬ ದಾಖಲೆ ಹೋಗಬಾರದು. ಇವತ್ತು ಮೈಸೂರಿನ ಬಡಾವಣೆಗಳಲ್ಲಿ ನೆಲೆಸಿರುವ ಎಷ್ಟೋ ಮನೆಗಳ ಬೇರು ಇಂಥ ಒಂದೊಂದು ಊರಿನಲ್ಲಿದೆ. ಅಟ್ಟದ ಮೇಲೆ ಅಜ್ಜನ ಕಾಲದ ಪಾಲು ಪಾರಿಖತ್ತಿನ ಕಾಗದ, ಪಂಚಾಯಿತಿ ತೀರ್ಪು, ಆಳಿನ ಲೆಕ್ಕದ ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ನಾಟಿ ಮಾಡಿದ ಅಜ್ಜಿಯರು, ಜೀತವಿದ್ದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರ ಮಾತನ್ನು ಫೋನಿನಲ್ಲಾದರೂ ಹಿಡಿದಿಡಿ. ಎರಡು ಪ್ರತಿ ಮಾಡಿ ಒಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಎಲ್ಲ ಪ್ರತಿಗಳನ್ನೂ ಒಂದೇ ಕೋಣೆಯಲ್ಲಿ ಮಾತ್ರ ಇಡಬೇಡಿ.